ಸಾಕುಪ್ರಾಣಿಗಳ ಶುಶ್ರೂಷೆಯೂ ಸಿಹಿಗುಳಿಗೆಯೂ

ಪಾಠಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಸ್ತ್ರೀವಿದ್ಯಾಭ್ಯಾಸದ ಮೇಲೋ, ಶಿಸ್ತಿನ ಮೇಲೋ, ಕಾಲದ ಸದುಪಯೋಗದ ಮೇಲೋ ಒಂದು ಲೇಖನವನ್ನು ಬರೆಯುವುದು ವಾಡಿಕೆ. ಈ ಸಾರಿ ನಾನು ಆ ವಾಡಿಕೆಯನ್ನು ಬಿಟ್ಟು ನಾಯಿ, ಬೆಕ್ಕು, ಹಸುಗಳ ಆರೋಗ್ಯದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ಹೊರಟಿದ್ದೇನೆ. ಇದಕ್ಕೆ ಎರಡು ಕಾರಣಗಳುಂಟು. ತಿಪಟೂರು, ತುರುವೇಕೆರೆ, ಹುಳಿಯಾರು ಮೊದಲಾದ ಕಡೆಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗಲೆಲ್ಲಾ, "ಅಮ್ಮಾ, ನಮ್ಮ ನಾಯಿಗೆ ಹೋಮಿಯೋಪತಿ ಕೊಡಬಹುದೇ? ಅದರಿಂದ ಅಪಾಯವಿಲ್ಲವಂತೆ" ಎಂದು ಕೇಳುವುದುಂಟು. ಇದು ಮೊದಲನೆಯ ಕಾರಣ. ಎರಡನೆಯದು, ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಬ್ಬ ಬಾಲಕಿ ನನ್ನನ್ನು ಕೇಳಿದ ಒಂದು ಪ್ರಶ್ನೆಗೆ ಆ ದಿನ ನಾನು ಉತ್ತರ ಕೊಡದೆ ಹೋದದ್ದು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

೨೦೧೪ನೆಯ ಇಸವಿಯಲ್ಲಿ ನಾನು ಸಹೋಪಾಧ್ಯಾಯಿನಿಯಾಗಿದ್ದು, ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನದಾಗಿತ್ತು. ಆ ವರುಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹುಡುಗಿಯರು ಎಲ್ಲಿಂದಲೋ ಒಂದು ಕಂದುಬಣ್ಣದ ನಾಯಿಮರಿಯನ್ನು ತಂದು, ಅಡಿಗೆಮನೆಯ ಹಿಂದಿನ ತೆಂಗಿನ ಗರಿಯ ಚಪ್ಪರದಲ್ಲಿಟ್ಟು, ಮೋತಿಯೆಂದು ಹೆಸರಿಟ್ಟರು. ನಿಲಯದ ನಿಯಮಕ್ಕೆ ಅದು ವಿರುದ್ಧವೇ; ಆದರೆ ಮನೆಯನ್ನು ಬಿಟ್ಟು ಬಂದ ಮಕ್ಕಳ ಅಳು ಆ ಮರಿಯ ದೆಸೆಯಿಂದ ಎರಡೇ ದಿನಗಳಲ್ಲಿ ನಿಂತದ್ದನ್ನು ನೋಡಿ ನಾನು ಕಣ್ಣುಮುಚ್ಚಿಕೊಂಡೆನು. ಜುಲೈ ತಿಂಗಳಲ್ಲಿ ಒಂದು ರಾತ್ರಿ ಬೀದಿನಾಯಿಯೊಂದು ಬೇಲಿ ನುಸುಳಿ ಬಂದು ಮರಿಯ ಕತ್ತನ್ನು ಕಚ್ಚಿಹೋಯಿತು. ಗಾಯ ಸಣ್ಣದು. ಅರಿಸಿನ ಹಚ್ಚಿದೆವು, ಮಾಯಿತು, ಮರೆತೆವು.

ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಮೋತಿ ಅನ್ನ ಬಿಟ್ಟಿತು. ಕೆಳದವಡೆ ಜೋತುಬಿದ್ದು, ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಬೊಗಳಲು ಹೋದರೆ ಸ್ವರ ಒಡೆದು ಬೇರೆಯಾಗಿ ಕೇಳಿಸುತ್ತಿತ್ತು. ಯಾರನ್ನೂ ಕಚ್ಚಲಿಲ್ಲ, ಓಡಾಡಲಿಲ್ಲ, ಮೂಲೆಯಲ್ಲಿ ಸುಮ್ಮನೆ ಮಲಗಿತ್ತು. ಗಂಟಲಿಗೆ ಮೂಳೆ ಸಿಕ್ಕಿಕೊಂಡಿರಬೇಕೆಂದು ಎಲ್ಲರೂ ನಿಶ್ಚಯಿಸಿದೆವು. ಒಂಬತ್ತನೆಯ ತರಗತಿಯ ಒಬ್ಬ ಬಾಲಕಿಯ ಬಳಿ ಅವಳ ತಾತನವರು ಕೊಟ್ಟಿದ್ದ ಹೋಮಿಯೋಪತಿ ಔಷಧಗಳ ಪುಟ್ಟ ಮರದ ಪೆಟ್ಟಿಗೆಯಿತ್ತು. ಅವಳು ಪುಸ್ತಕವನ್ನು ನೋಡಿ, ಲಕ್ಷಣಗಳನ್ನು ಹೊಂದಿಸಿ, ಒಂದು ಸೀಸೆಯನ್ನು ಆರಿಸಿದಳು. ಎರಡು ಗಂಟೆಗೊಂದಾವರ್ತಿ ನಾಲ್ಕು ಗುಳಿಗೆ. ಒಬ್ಬಳು ಮರಿಯ ತಲೆಯನ್ನು ಹಿಡಿಯುವಳು, ಇನ್ನೊಬ್ಬಳು ದವಡೆಯನ್ನು ಅಗಲಿಸುವಳು, ಮತ್ತೊಬ್ಬಳು ನಾಲಗೆಯ ಮೇಲೆ ಗುಳಿಗೆಯಿಡುವಳು. ಎರಡು ದಿನ ಹೀಗೆ ನಡೆಯಿತು. ನಾನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಮೂಕಪ್ರಾಣಿಗೆ ಸೇವೆ ಮಾಡುತ್ತಿರುವ ಈ ಮಕ್ಕಳ ದಯಾಗುಣವನ್ನು ಇಡೀ ಶಾಲೆಯೆದುರಿಗೆ ಹೊಗಳಿದೆನು. ಆ ಹೊಗಳಿಕೆಯ ಮಾತು ಈಗಲೂ ನನ್ನ ಕಿವಿಯಲ್ಲಿ ಚುಚ್ಚುತ್ತದೆ.

ಮೂರನೆಯ ದಿನ ಅಡಿಗೆಯ ಹೆಂಗಸು ಬಂದು, "ಅಮ್ಮಾ, ಇದು ಮೂಳೆಯಲ್ಲ, ನಮ್ಮೂರಲ್ಲಿ ಇಂಥಾದ್ದು ಕಂಡಿದ್ದೀನಿ" ಎಂದಳು. ಪಶುವೈದ್ಯರಿಗೆ ಹೇಳಿಕಳುಹಿಸಿದೆವು. ಅವರು ಮರಿಯಿಂದ ಎರಡು ಮಾರು ದೂರದಲ್ಲಿ ನಿಂತು ನೋಡಿದರು. ಬಾಯಿಯ ಹತ್ತಿರ ಕೈಯನ್ನೇ ಒಯ್ಯಲಿಲ್ಲ. ಬಳಿಕ ನನ್ನ ಕಡೆಗೆ ತಿರುಗಿ ಕೇಳಿದ ಮೊದಲನೆಯ ಮಾತು, "ಇದರ ಬಾಯಿಗೆ ಯಾರು ಯಾರು ಕೈಹಾಕಿದ್ದೀರಿ?" ಎಂಬುದು. ಹನ್ನೊಂದು ಹುಡುಗಿಯರು ಕೈಯೆತ್ತಿದರು. ಹನ್ನೆರಡನೆಯವಳು ನಾನು. ಹುಚ್ಚುನಾಯಿ ರೋಗದಲ್ಲಿ ಕೆರಳಿ ಕಚ್ಚುವ ಬಗೆಯೊಂದು, ಸದ್ದಿಲ್ಲದೆ ದವಡೆ ಬಿದ್ದುಹೋಗುವ ಬಗೆ ಮತ್ತೊಂದು. ಎರಡನೆಯದನ್ನು ಗಂಟಲಿನ ಮೂಳೆಯೆಂದು ಭ್ರಮಿಸಿ ಕೈಹಾಕಿದವರು ಲೋಕದಲ್ಲಿ ಅನೇಕರು. ಮರಿ ಅದೇ ರಾತ್ರಿ ಸತ್ತಿತು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಅದರ ಮಿದುಳನ್ನು ಪರೀಕ್ಷಿಸಿ, ರೋಗವು ನಿಜವೆಂದು ತಿಳಿಸಿದರು. ನಾವು ಹನ್ನೆರಡು ಮಂದಿಯೂ ಆಸ್ಪತ್ರೆಗೆ ಹೋಗಿ, ಕ್ರಮವಾಗಿ ಲಸಿಕೆಗಳನ್ನು ಹಾಕಿಸಿಕೊಂಡೆವು. ಕೈಯಲ್ಲಿ ತರಚು ಗಾಯಗಳಿದ್ದ ನಾಲ್ವರಿಗೆ ಅದರ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನೂ ಕೊಟ್ಟರು. ದೇವರ ದಯದಿಂದ ಎಲ್ಲರೂ ಕ್ಷೇಮವಾಗಿದ್ದೇವೆ. ಪ್ರತಿಯೊಬ್ಬಳ ತಾಯಿತಂದೆಗಳಿಗೂ ನಾನೇ ಕುಳಿತು ಕಾಗದ ಬರೆದೆನು. ಹಾಗೆ ಬರೆದ ಹನ್ನೊಂದು ಕಾಗದಗಳಷ್ಟು ಕಷ್ಟದ ಬರವಣಿಗೆ ನನ್ನ ಉದ್ಯೋಗದಲ್ಲಿ ಇನ್ನೊಂದಿಲ್ಲ.

ಆ ಪೆಟ್ಟಿಗೆಯ ಬಾಲಕಿ ಕಡೆಯ ಲಸಿಕೆಯ ದಿನ ನನ್ನನ್ನು ಕೇಳಿದಳು: "ಗುಳಿಗೆಯೇ ಸರಿಯಿಲ್ಲವೇ ಅಮ್ಮಾ, ಅಥವಾ ನಾನು ಆರಿಸಿದ್ದು ತಪ್ಪಾಯಿತೇ?" ನನಗೆ ಆಗ ತಿಳಿದಿರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಅವಳು ಈಗ ಎಲ್ಲಿದ್ದಾಳೋ ಈ ಸಂಚಿಕೆಯು ಅವಳ ಕೈಸೇರಲಿ.

ಹೋಮಿಯೋಪತಿಯೆಂಬ ವೈದ್ಯಪದ್ಧತಿಯನ್ನು ಸ್ಥಾಪಿಸಿದವನು ಜರ್ಮನಿಯ ಸಾಮ್ಯುಯೆಲ್ ಹಾನೆಮನ್. ಅವನು ೧೭೫೫ರಲ್ಲಿ ಹುಟ್ಟಿ ೧೮೪೩ರಲ್ಲಿ ತೀರಿಕೊಂಡನು. ಆರೋಗ್ಯವಂತನಲ್ಲಿ ಯಾವ ವಸ್ತುವು ಒಂದು ಬಗೆಯ ಲಕ್ಷಣಗಳನ್ನು ಉಂಟುಮಾಡುವುದೋ, ಅದೇ ವಸ್ತುವು ಅಂಥ ಲಕ್ಷಣಗಳುಳ್ಳ ರೋಗಿಯನ್ನು ಗುಣಪಡಿಸುವುದು. ಮತ್ತು ಅದನ್ನು ಎಷ್ಟೆಷ್ಟು ತೆಳುಮಾಡಿ ಕುಲುಕಿದರೆ ಅಷ್ಟಷ್ಟು ಅದರ ಶಕ್ತಿ ಹೆಚ್ಚುವುದು, ಇವೆರಡೂ ಅವನ ಮುಖ್ಯ ತತ್ತ್ವಗಳು. ಅವನ ಕಾಲವನ್ನು ನೆನೆದರೆ ಅವನ ಮೇಲೆ ಗೌರವ ಹುಟ್ಟದೆ ಇರದು. ಆಗಿನ ವೈದ್ಯರು ಮನುಷ್ಯರಿಗೂ ಕುದುರೆಗಳಿಗೂ ಒಂದೇ ಸಮನೆ ರಕ್ತ ತೆಗೆಯುವರು, ಭೇದಿಗೆ ಕೊಡುವರು, ಪಾದರಸವನ್ನು ತಿನ್ನಿಸುವರು. ಅಂಥ ಚಿಕಿತ್ಸೆಯಿಂದ ಸಾಯುತ್ತಿದ್ದ ಪ್ರಾಣಿಯು ಸಿಹಿಗುಳಿಗೆಯನ್ನು ತಿಂದು ನೆರಳಿನಲ್ಲಿ ಮಲಗಿದರೆ ಬದುಕುತ್ತಿತ್ತೆಂಬುದರಲ್ಲಿ ಆಶ್ಚರ್ಯವೇನು? ಲೈಪ್ಜಿಗ್ ಪಟ್ಟಣದ ಪಶುವೈದ್ಯ ಯೋಹಾನ್ ಲುಕ್ಸ್ ಎಂಬವನು ಈ ಪದ್ಧತಿಯನ್ನು ದನ ಕುರಿ ಕುದುರೆಗಳಿಗೆ ಅನ್ವಯಿಸಿ, ೧೮೩೩ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದನು. ನಮ್ಮ ದೇಶಕ್ಕೆ ಇದು ಬಂದ ಕಥೆಯಲ್ಲಿಯೂ ಒಂದು ಕುದುರೆಯುಂಟು. ೧೮೩೯ರಲ್ಲಿ ಲಾಹೋರಿನ ಮಹಾರಾಜ ರಣಜಿತ್ ಸಿಂಹನಿಗೆ ಚಿಕಿತ್ಸೆ ಮಾಡಿದ ಹೋನಿಗ್‌ಬೆರ್ಗರ್ ಎಂಬ ವೈದ್ಯನು ಮಹಾರಾಜನ ಅಚ್ಚುಮೆಚ್ಚಿನ ಕುದುರೆಯ ಕಾಲಿನ ಹುಣ್ಣನ್ನೂ ಗುಣಪಡಿಸಿದನೆಂದು ಹೇಳುತ್ತಾರೆ.

ನಮ್ಮ ಕನ್ನಡನಾಡಿನಲ್ಲಿ ಈ ಸಿಹಿಗುಳಿಗೆಗೆ ಮನೆಮಾತಾಗುವಷ್ಟು ಹೆಸರು ಬಂದದ್ದು ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್ ಅವರಿಂದ. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ೧೮೪೧ರಲ್ಲಿ ಹುಟ್ಟಿದ ಈ ಯೇಸುಸಭೆಯ ಪಾದ್ರಿಗಳು ೧೮೭೮ರ ಕೊನೆಯಲ್ಲಿ ಮಂಗಳೂರಿಗೆ ಬಂದು, ಅಧ್ಯಾಪನ ಮಾಡುತ್ತಲೇ ವಿದ್ಯಾರ್ಥಿಗಳಿಗೂ ಬಡವರಿಗೂ ಹೋಮಿಯೋಪತಿ ಮದ್ದುಗಳನ್ನು ಕೊಡತೊಡಗಿದರು. ೧೮೮೦ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಅವರ ಧರ್ಮಾರ್ಥ ಔಷಧಾಲಯದಿಂದ ಅಂಚೆಯ ಮೂಲಕ ದೂರದೂರದ ಊರುಗಳಿಗೆ ಮದ್ದಿನ ಪೆಟ್ಟಿಗೆಗಳು ಹೋಗುತ್ತಿದ್ದುವು. ಆದರೆ ಅವರು ಗುಳಿಗೆಯನ್ನು ಹಂಚಿ ಕೈತೊಳೆದುಕೊಂಡವರಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ೧೮೯೦ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯವನ್ನು ಕಟ್ಟಿಸಿ, ಯಾರೂ ಮುಟ್ಟದವರನ್ನು ಮುಟ್ಟಿ ಶುಶ್ರೂಷೆ ಮಾಡಿಸಿದರು. ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ಕಟ್ಟಿದರು. ೧೯೧೦ನೆಯ ನವೆಂಬರ್ ೧ರಂದು ಕಾಲವಾದರು. ಅವರ ಹೆಸರಿನ ಸಂಸ್ಥೆಯಲ್ಲಿ ಇಂದು ಹೋಮಿಯೋಪತಿ ಕಾಲೇಜೂ ಇದೆ. ಶಸ್ತ್ರಚಿಕಿತ್ಸೆ, ಲಸಿಕೆ, ಕ್ಷಕಿರಣಗಳನ್ನೆಲ್ಲಾ ಕಲಿಸುವ ದೊಡ್ಡ ವೈದ್ಯಕೀಯ ಕಾಲೇಜೂ ಇದೆ. ಅಂಥ ಮಹನೀಯರ ದಯೆಯೂ ಸೇವೆಯೂ ರೋಗಿಗೆ ಸಂದುವು; ಆದರೆ ಆ ಗುಣವು ಗುಳಿಗೆಯದೋ ಸೇವೆಯದೋ ಎಂಬುದು ಬೇರೆಯೇ ಆದ ಪ್ರಶ್ನೆ.

ಗುಳಿಗೆಯಲ್ಲಿ ಏನಿದೆಯೆಂದು ಲೆಕ್ಕ ಹಾಕೋಣ. ನಮ್ಮ ಏಳನೆಯ ತರಗತಿಯ ಗಣಿತ ಸಾಕು. ಮೂಲದ ಮದ್ದಿನ ಒಂದು ತೊಟ್ಟಿಗೆ ತೊಂಬತ್ತೊಂಬತ್ತು ತೊಟ್ಟು ನೀರನ್ನೋ ಮದ್ಯಸಾರವನ್ನೋ ಸೇರಿಸಿ ಕುಲುಕಿದರೆ ಮೊದಲನೆಯ ಹಂತ. ಅದರಿಂದ ಒಂದು ತೊಟ್ಟನ್ನು ತೆಗೆದು ಮತ್ತೆ ತೊಂಬತ್ತೊಂಬತ್ತಕ್ಕೆ ಬೆರಸಿದರೆ ಎರಡನೆಯದು. ಅಂದರೆ ಹತ್ತುಸಾವಿರದಲ್ಲಿ ಒಂದು ಪಾಲು. ಮೂರನೆಯದಕ್ಕೆ ಹತ್ತು ಲಕ್ಷದಲ್ಲೊಂದು ಪಾಲು. ಹೀಗೆ ಬೆರಸುತ್ತಾ ಹೋಗಿ, ಹಿಂದಿನದನ್ನೆಲ್ಲಾ ಚೆಲ್ಲದೆ ಉಳಿಸಿಕೊಂಡೇ ಬೆರಸುವುದಾದರೆ, ನಮ್ಮ ಬೋರನಕಣಿವೆಯ ಜಲಾಶಯವೂ ಬೇಗನೆ ಸಾಲದಾಗುವುದು. ಹದಿಮೂರನೆಯ ಹಂತಕ್ಕೆ ಲೋಕದ ಸಮುದ್ರಗಳ ನೀರೆಲ್ಲಾ ಸೇರಿದರೂ ಸಾಲದು. ಅಂಗಡಿಯಲ್ಲಿ ಸಾಧಾರಣವಾಗಿ ದೊರೆಯುವ ಸೀಸೆಯ ಮೇಲೆ ೩೦ ಎಂದು ಬರೆದಿರುವುದು ಮೂವತ್ತನೆಯ ಹಂತವನ್ನು. ಪದಾರ್ಥವನ್ನು ಅಣುಗಳಿಗಿಂತ ಚಿಕ್ಕದಾಗಿ ಹಂಚಲಾಗದೆಂಬುದನ್ನೂ, ಒಂದು ತೂಕದಲ್ಲಿ ಎಷ್ಟು ಅಣುಗಳಿರುತ್ತವೆಂಬುದನ್ನೂ ವಿಜ್ಞಾನಿಗಳು ಎಣಿಸಿದ್ದಾರೆ. ಆ ಲೆಕ್ಕದಂತೆ ಹನ್ನೆರಡನೆಯ ಹಂತದ ಆಚೆಗೆ ಮೂಲವಸ್ತುವಿನ ಒಂದೇ ಒಂದು ಅಣುವೂ ಸೀಸೆಯಲ್ಲಿ ಉಳಿದಿರುವ ಸಂಭವವು ಬಹು ಕಡಿಮೆ. ಮೂವತ್ತನೆಯದರಲ್ಲಿ ಸಕ್ಕರೆಯೊಂದೇ ನಿಶ್ಚಯ. ಕೆಳಗಿನ ಹಂತಗಳ ಕೆಲವು ಮದ್ದುಗಳಲ್ಲಿ ವಸ್ತುವು ನಿಜವಾಗಿಯೂ ಇರುತ್ತದೆ, ಅವುಗಳಲ್ಲಿ ವಿಷವಸ್ತುಗಳೂ ಉಂಟು. ಆದ್ದರಿಂದ "ಅಪಾಯವೇ ಇಲ್ಲ" ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬಬಾರದು.

ಇದಕ್ಕೆ ನಮ್ಮ ತಾಯಂದಿರು ಹೇಳುವ ಪ್ರತ್ಯುತ್ತರ ನನಗೆ ಗೊತ್ತು. "ಮನುಷ್ಯನಾದರೆ ನಂಬಿಕೆಯಿಂದ ವಾಸಿಯಾದನೆನ್ನಬಹುದು, ನಾಯಿಗೆ ನಂಬಿಕೆಯೆಲ್ಲಿಯದು? ನಮ್ಮ ನಾಯಿ ಕೆರೆದುಕೊಳ್ಳುವುದು ನಿಂತಿತಲ್ಲಾ!" ಈ ಮಾತು ಯೋಚನೆಗೆ ಯೋಗ್ಯವಾದದ್ದೇ. ನಾಯಿಗೆ ನಂಬಿಕೆಯಿಲ್ಲ, ಸರಿ. ಆದರೆ ನಾಯಿಗೆ ವಾಸಿಯಾಯಿತೆಂದು ಹೇಳುವವರು ನಾವು, ನಮಗೆ ನಂಬಿಕೆಯುಂಟು. ಅದಲ್ಲದೆ ನವೆ, ಕುಂಟು, ಅಜೀರ್ಣ, ಕಿವಿಸೋರುವಿಕೆ ಮುಂತಾದುವು ಏರುತ್ತಲೂ ಇಳಿಯುತ್ತಲೂ ಇರತಕ್ಕವು. ಬಹಳ ಏರಿದಾಗಲೇ ನಾವು ಮದ್ದನ್ನು ಹುಡುಕುತ್ತೇವೆ. ಏರಿದ್ದು ತಾನಾಗಿ ಇಳಿಯುವ ಹೊತ್ತಿಗೆ ನಮ್ಮ ಗುಳಿಗೆ ಅಲ್ಲಿ ಸಿದ್ಧವಾಗಿರುತ್ತದೆ. ಮತ್ತೂ ಒಂದುಂಟು. ಎರಡು ಗಂಟೆಗೊಂದು ಸಲ ಗುಳಿಗೆ ಕೊಡುವವಳು ಎರಡು ಗಂಟೆಗೊಂದು ಸಲ ನೀರನ್ನೂ ಇಡುತ್ತಾಳೆ, ಮೈಯನ್ನೂ ಸವರುತ್ತಾಳೆ, ಬಿಸಿಲು ಬಂದರೆ ನೆರಳಿಗೆ ಎಳೆಯುತ್ತಾಳೆ. ಮೆಚ್ಚಿಗೆಯೆಲ್ಲಾ ಗುಳಿಗೆಗೆ ಸಲ್ಲುತ್ತದೆ.

ಹಾಗಾದರೆ ನಿಜವನ್ನು ತಿಳಿಯುವುದು ಹೇಗೆ? ಇದನ್ನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಮಹಾಶಯನು ೧೮೮೧ರಲ್ಲಿ ಒಂದು ಹೊಲದಲ್ಲಿ ತೋರಿಸಿಕೊಟ್ಟ ಬಗೆ ಬಲು ಸೊಗಸಾಗಿದೆ. ನಮ್ಮ ಕಡೆ ನೆರಡಿಯೆಂದು ಕರೆಯುವ ರೋಗಕ್ಕೆ ಅವನು ಲಸಿಕೆಯನ್ನು ಮಾಡಿದ್ದನು. ಪೂಯಿ-ಲೆ-ಫೋರ್ ಎಂಬ ಗ್ರಾಮದಲ್ಲಿ ೨೪ ಕುರಿಗಳಿಗೆ ಲಸಿಕೆ ಹಾಕಿ, ಇನ್ನು ೨೪ಕ್ಕೆ ಹಾಕದೆ ಬಿಟ್ಟು, ಕೆಲವು ಹಸುಗಳನ್ನೂ ಹಾಗೆಯೇ ಎರಡು ಪಾಲು ಮಾಡಿ, ತರುವಾಯ ಎಲ್ಲಕ್ಕೂ ರೋಗಾಣುವನ್ನು ಚುಚ್ಚಿದನು. ಜೂನ್ ೨ನೆಯ ತಾರೀಖು ರೈತರೂ ಅಧಿಕಾರಿಗಳೂ ಪತ್ರಿಕೆಯವರೂ ಬಂದು ನೋಡುತ್ತಿದ್ದಂತೆಯೇ ಲಸಿಕೆಯಿಲ್ಲದ ಕುರಿಗಳು ಸತ್ತು ಬಿದ್ದಿದ್ದುವು, ಬೀಳುತ್ತಿದ್ದುವು. ಲಸಿಕೆಯನ್ನು ಪಡೆದವು ನಿಂತು ಮೇಯುತ್ತಿದ್ದುವು. ಒಂದು ಮಂದೆಗೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡುವುದು, ಉಳಿದುದೆಲ್ಲವೂ ಎರಡಕ್ಕೂ ಸಮವಾಗಿರುವಂತೆ ಮಾಡುವುದು, ಇದೇ ಪರೀಕ್ಷೆಯ ಜೀವಾಳ. ಹೋಮಿಯೋಪತಿಗೂ ಈ ಬಗೆಯ ಪರೀಕ್ಷೆಗಳು ನಡೆದಿವೆ. ದನ, ಹಂದಿ, ಕೋಳಿಗಳ ಮೇಲೆ ೧೯೮೧ರಿಂದ ೨೦೧೪ರವರೆಗೆ ಪ್ರಕಟವಾದ ಪ್ರಯೋಗಗಳನ್ನು ಜರ್ಮನಿಯ ಇಬ್ಬರು ಪಂಡಿತರು ಸಂಗ್ರಹಿಸಿ, ೨೦೧೬ರಲ್ಲಿ ಬ್ರಿಟಿಷ್ ಪಶುವೈದ್ಯರ 'ವೆಟರಿನರಿ ರೆಕಾರ್ಡ್' ಎಂಬ ಪತ್ರಿಕೆಯಲ್ಲಿ ವಿಮರ್ಶಿಸಿದರು. ಕೆಲವು ಪ್ರಯೋಗಗಳು ಅನುಕೂಲವಾಗಿಯೂ ಕೆಲವು ಪ್ರತಿಕೂಲವಾಗಿಯೂ ಇದ್ದುವು. ಆದರೆ ಅನುಕೂಲವಾದ ಒಂದನ್ನೂ ಅದೇ ರೀತಿಯಲ್ಲಿ ಮತ್ತೊಬ್ಬರು ಮಾಡಿ ಅದೇ ಫಲವನ್ನು ಕಂಡದ್ದಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್ ಎಂಬ ಸಂಸ್ಥೆಯು ೨೦೧೭ರಲ್ಲಿ, ಈ ಪದ್ಧತಿಗೆ ತಕ್ಕ ಆಧಾರವಿಲ್ಲವೆಂದೂ, ಆಧಾರವುಳ್ಳ ಚಿಕಿತ್ಸೆಯ ಜೊತೆಯಲ್ಲಿ ಇದನ್ನು ಬಳಸಬಹುದೇ ಹೊರತು ಅದಕ್ಕೆ ಬದಲಾಗಿ ಬಳಸಕೂಡದೆಂದೂ ತನ್ನ ವೈದ್ಯರಿಗೆ ತಿಳಿಸಿತು.

ಈ "ಬದಲಾಗಿ" ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಹುಚ್ಚುನಾಯಿಯ ಜೊಲ್ಲನ್ನೇ ತೆಳುಮಾಡಿ ಆ ರೋಗಕ್ಕೆ ಮದ್ದಾಗಿ ಕೊಡಬಹುದೆಂದು ಹಾನೆಮನ್ನನ ಅನುಯಾಯಿಯಾದ ಹೇರಿಂಗ್ ಎಂಬವನು ಪಾಶ್ಚರನಿಗೆ ಎಷ್ಟೋ ವರುಷ ಮೊದಲೇ ಹೇಳಿದ್ದನು. ಆ ಹೆಸರಿನ ಗುಳಿಗೆ ಈಗಲೂ ಮಾರಾಟವಾಗುತ್ತದೆ. ಪಾಶ್ಚರನು ೧೮೮೫ನೆಯ ಜುಲೈ ೬ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರುಷದ ಬಾಲಕನಿಗೆ ಕೊಟ್ಟದ್ದೂ ರೋಗಪದಾರ್ಥವೇ ಅಲ್ಲವೇ, ಎರಡೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಒಂದಲ್ಲ. ಲಸಿಕೆಯಲ್ಲಿ ವೈರಸ್ಸು ದುರ್ಬಲವಾಗಿಯೋ ಸತ್ತೋ ಇರುತ್ತದೆ, ಆದರೆ ಅಳತೆಗೆ ಸಿಕ್ಕುವಷ್ಟು ಇರುತ್ತದೆ. ಅದನ್ನು ಕಂಡು ದೇಹವು ಪ್ರತಿವಸ್ತುಗಳನ್ನು ತಯಾರಿಸುತ್ತದೆ. ಆ ಪ್ರತಿವಸ್ತುಗಳನ್ನು ರಕ್ತದಲ್ಲಿ ಅಳೆಯಬಹುದು. ಸಿಹಿಗುಳಿಗೆಯನ್ನು ತಿಂದ ನಾಯಿಯ ರಕ್ತದಲ್ಲಿ ಅಳೆಯಲು ಏನೂ ಇರುವುದಿಲ್ಲ. ಹುಚ್ಚುನಾಯಿ ರೋಗವು ಮಿದುಳನ್ನು ಮುಟ್ಟಿ ಲಕ್ಷಣಗಳು ಹೊರಬಿದ್ದ ಮೇಲೆ ಮನುಷ್ಯನಿಗೂ ನಾಯಿಗೂ ಮದ್ದೇ ಇಲ್ಲ. ಪ್ರಪಂಚದಲ್ಲಿ ವರುಷಕ್ಕೆ ಸುಮಾರು ೫೯,೦೦೦ ಮಂದಿ ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ನಲವತ್ತರಷ್ಟು ಹದಿನೈದು ವರುಷದೊಳಗಿನ ಮಕ್ಕಳು. ನಮ್ಮ ಹಿರಿಯರ ಕಾಲದಲ್ಲಿ ಕಚ್ಚಿಸಿಕೊಂಡವರು ೧೯೦೭ರಲ್ಲಿ ಸ್ಥಾಪಿತವಾದ ಕೂನೂರಿನ ಪಾಶ್ಚರ್ ಸಂಸ್ಥೆಯವರೆಗೂ ಪ್ರಯಾಣ ಮಾಡುತ್ತಿದ್ದರು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಆ ಹಳೆಯ ಲಸಿಕೆಯ ತಯಾರಿಕೆಯನ್ನು ನಮ್ಮ ದೇಶದಲ್ಲಿ ೨೦೦೪ರ ಕೊನೆಗೆ ನಿಲ್ಲಿಸಿದರು. ಈಗಿನದು ತೋಳಿಗೆ ಕೊಡುವ ನಾಲ್ಕೈದು ಚುಚ್ಚುಮದ್ದುಗಳು ಮಾತ್ರ. ಕರ್ನಾಟಕ ಸರಕಾರವು ೨೦೨೨ರ ಡಿಸೆಂಬರಿನಲ್ಲಿ ಮನುಷ್ಯರಿಗೆ ಬರುವ ಈ ರೋಗವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಘೋಷಿಸಿದೆ.

ಆದುದರಿಂದ, ಪೆಟ್ಟಿಗೆಯ ಬಾಲಕಿಯೇ, ನೀನು ಆರಿಸಿದ ಸೀಸೆ ತಪ್ಪಲ್ಲ. ಆ ಪೆಟ್ಟಿಗೆಯಲ್ಲಿ ಸರಿಯಾದ ಸೀಸೆಯೇ ಇರಲಿಲ್ಲ. ಮರಿಯನ್ನು ಉಳಿಸಲು ಅಂದು ಯಾವ ವೈದ್ಯನಿಂದಲೂ ಆಗುತ್ತಿರಲಿಲ್ಲ. ಉಳಿಸಬಹುದಾಗಿದ್ದದ್ದು ಜೂನ್ ತಿಂಗಳಲ್ಲಿ, ಒಂದು ಚುಚ್ಚುಮದ್ದಿನಿಂದ. ಅದನ್ನು ಹಾಕಿಸಬೇಕಾಗಿದ್ದವಳು ನಾನು.

ಇಷ್ಟು ಹೇಳಿದ ಮಾತ್ರಕ್ಕೆ ಪ್ರಾಣಿಯನ್ನು ಸಮಗ್ರವಾಗಿ ನೋಡಿಕೊಳ್ಳಬೇಕೆನ್ನುವವರ ಮಾತೆಲ್ಲಾ ಪೊಳ್ಳೆಂದು ನಾನು ಹೇಳುವುದಿಲ್ಲ. ರೋಗವನ್ನು ಮಾತ್ರವಲ್ಲದೆ ಪ್ರಾಣಿಯ ಊಟ, ನೀರು, ನಿದ್ರೆ, ಜಾಗ, ಒಡನಾಟಗಳನ್ನೆಲ್ಲಾ ನೋಡಬೇಕೆಂಬುದು ಸತ್ಯವಾದ ಮಾತು. ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ನಾನು ಕಂಡಿರುವ ತಪ್ಪುಗಳು ಬಹಳ ಮಟ್ಟಿಗೆ ಇಂಥವೇ. ತೋಟದ ಕಾವಲು ನಾಯಿಯನ್ನು ಹಗಲೆಲ್ಲಾ ಎರಡು ಮೊಳದ ಸರಪಳಿಯಲ್ಲಿ, ಅದೂ ಕಾಯಿಬೀಳುವ ಮರದ ಬುಡದಲ್ಲಿ ಕಟ್ಟುತ್ತಾರೆ. ನೀರಿನ ಚಿಪ್ಪು ಒಣಗಿರುತ್ತದೆ. ರಾಗಿಮುದ್ದೆ ನಾಯಿಗೆ ಒಗ್ಗುವ ಆಹಾರವೇ. ಆದರೆ ಅದೊಂದೇ ಸಾಲದು, ಮೊಟ್ಟೆಯೋ ಮಾಂಸವೋ ಬೇಳೆಯೋ ಕೂಡಬೇಕು. ಈರುಳ್ಳಿ ಬೆಳ್ಳುಳ್ಳಿಗಳಿಂದ ನಾಯಿ ಬೆಕ್ಕುಗಳ ರಕ್ತ ಕೆಡುತ್ತದೆ. ಆದ್ದರಿಂದ ಹುಳಿಸಾರು ಕಲಸಿದ ಅನ್ನವನ್ನು ಹಾಕುವ ಪದ್ಧತಿಯನ್ನು ಬಿಡಬೇಕು.

ಬೆಕ್ಕಿನ ಮಾತು ಬೇರೆ. ಅದು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಒಂದು ವಸ್ತುವನ್ನು ನಾಯಿ ತನ್ನ ದೇಹದಲ್ಲಿ ತಾನೇ ಮಾಡಿಕೊಳ್ಳಬಲ್ಲದು, ಬೆಕ್ಕು ಸಾಕಷ್ಟು ಮಾಡಿಕೊಳ್ಳಲಾರದು. ಅದು ಮಾಂಸದಿಂದಲೇ ಬರಬೇಕು. ಹಾಲನ್ನದ ಮೇಲೆಯೇ ಬೆಳೆದ ಬೆಕ್ಕು ಕ್ರಮೇಣ ಕುರುಡಾಗುವುದೂ, ಹೃದಯ ದುರ್ಬಲವಾಗಿ ಸಾಯುವುದೂ ಇದರಿಂದಲೇ. ಸಸ್ಯಾಹಾರಿಗಳಾದ ಮನೆಯವರು ಬೆಕ್ಕನ್ನು ಸಾಕುವುದಾದರೆ ಅದಕ್ಕಾಗಿ ತಯಾರಾದ ಆಹಾರವನ್ನು ತರಿಸುವುದು ಮೇಲು. ಇಲಿ ಹಿಡಿದು ತಿನ್ನಲಿ ಎಂದು ಬಿಟ್ಟುಬಿಡುವವರು ಕೊಬ್ಬರಿ ಅಟ್ಟದಲ್ಲಿ ಇಲಿಪಾಷಾಣವನ್ನು ಇಟ್ಟಿಲ್ಲವೆಂದು ಮೊದಲು ನೋಡಿಕೊಳ್ಳಲಿ.

ಅಟ್ಟದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಬೂಸಲು ಬಂದ ಕೊಬ್ಬರಿ, ಬೂಸಲು ಬಂದ ಹಿಂಡಿ, ಮನುಷ್ಯರಿಗಾಗದೆಂದು ಹಸುವಿಗೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಇಂಗ್ಲೆಂಡಿನಲ್ಲಿ ೧೯೬೦ರಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಕಾರಣವನ್ನು ಹುಡುಕಿದವರಿಗೆ ಬೂಸಲುಗಟ್ಟಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸಿಕ್ಕಿತು. ಅದು ಪಿತ್ತಕೋಶವನ್ನು ಕೆಡಿಸತಕ್ಕದ್ದು; ಹಸುವಿನ ಹಾಲಿನಲ್ಲಿಯೂ ಇಳಿಯತಕ್ಕದ್ದು. ಹಸುವಿಗೆ ಹಾಕಿದ ಬೂಸಲು ಮಗುವಿನ ಲೋಟಕ್ಕೆ ಹಿಂತಿರುಗಿ ಬರುವುದೆಂದು ತಾಯಂದಿರು ತಿಳಿಯಬೇಕು.

ಮನೆಮದ್ದುಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ ೨೫೦ ಗ್ರಾಂ, ಅರಿಸಿನದ ಪುಡಿ ೫೦ ಗ್ರಾಂ, ಸುಣ್ಣ ೧೫ ಗ್ರಾಂ ಅರೆದು, ಕೆಚ್ಚಲನ್ನು ತೊಳೆದು ಹಾಲೆಲ್ಲಾ ಕರೆದ ಮೇಲೆ ದಿನಕ್ಕೆ ಹಲವು ಬಾರಿ ಲೇಪಿಸುವ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೂ ಪ್ರಚಾರ ಮಾಡಿದ್ದಾರೆ. ಇದನ್ನು ನಾನು ಮೆಚ್ಚುವುದೇಕೆಂದರೆ, ಇಲ್ಲಿ ತಕ್ಕಡಿಯಲ್ಲಿ ತೂಗಬಹುದಾದ ವಸ್ತುವಿದೆ. ಫಲ ಬಂದಿತೋ ಇಲ್ಲವೋ ಹಾಲನ್ನು ಪರೀಕ್ಷಿಸಿ ನೋಡಬಹುದು. ಆದರೂ ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಕಂಡರೆ ಲೇಪವನ್ನೇ ನೆಚ್ಚಿ ಕೂಡಬಾರದು. ಕೆಟ್ಟ ಮನೆಮದ್ದೆಂದರೆ ಉಣ್ಣೆಗೆ ಸೀಮೆಎಣ್ಣೆ ಹಚ್ಚುವುದು. ಚರ್ಮ ಸುಟ್ಟುಹೋಗುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ಉಣ್ಣೆಗಳು ಮತ್ತೆ ಬರುತ್ತವೆ. ಉಣ್ಣೆಯಿಂದ ಬರುವ ಜ್ವರದಲ್ಲಿ ನಾಯಿಯ ವಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ ಬರುವುದೂ ಉಂಟು. ಅದಕ್ಕೆ ಗುಣಮಾಡುವ ಮದ್ದು ಪಶುವೈದ್ಯರಲ್ಲಿದೆ. ಆದರೆ ಮೊದಲ ದಿನಗಳಲ್ಲಿ ಕೊಟ್ಟರೇನೇ ಫಲ ಹೆಚ್ಚು. ನಾಯಿಗೆ ಹಚ್ಚುವ ಉಣ್ಣೆ ಔಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಅದನ್ನು ಬೆಕ್ಕಿಗೆ ಸೋಕಿಸಬೇಡಿರಿ, ಪ್ರಾಣ ಹೋಗುವುದು. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷವೇ. ಮಗುವಿಗೆ ಕೊಡುವುದನ್ನು ಬೆಕ್ಕಿಗೂ ಕೊಡಬಹುದೆಂಬ ಅಕ್ಕರೆಯಿಂದ ಸತ್ತ ಬೆಕ್ಕುಗಳು ಎಷ್ಟೋ.

ಲಸಿಕೆಯೆಂದರೆ ಹೆದರುವ ಮನೆಗಳು ಇನ್ನೂ ಉಂಟು. ಹಸು ಹಾಲು ಇಳಿಸುತ್ತದೆಂದೂ ಕಂದು ಹಾಕುತ್ತದೆಂದೂ ಹೇಳಿ, ಲಸಿಕೆಯವರು ಬಂದಾಗ ಕರುವನ್ನು ತೋಟದಲ್ಲಿ ಅಡಗಿಸಿದವರನ್ನು ನಾನು ಬಲ್ಲೆನು. ಎರಡು ಮೂರು ದಿನ ಹಾಲು ಕಡಿಮೆಯಾಗುವುದುಂಟು, ನಿಜ. ಆದರೆ ನಮ್ಮ ಅಜ್ಜಿಯರ ಕಾಲದಲ್ಲಿ ದೊಡ್ಡರೋಗವೆಂಬುದು ಬಂದರೆ ಕೊಟ್ಟಿಗೆಗಳಿಗೆ ಕೊಟ್ಟಿಗೆಗಳೇ ಬರಿದಾಗುತ್ತಿದ್ದುವು. ಅಮೃತಮಹಲ್ ಕಾವಲುಗಳ ರಾಸುಗಳನ್ನೂ ಅದು ಬಿಡಲಿಲ್ಲ. ಲಸಿಕೆಯ ಬಲದಿಂದ ಆ ರೋಗವು ಭಾರತದಲ್ಲಿ ಕಡೆಯದಾಗಿ ಕಾಣಿಸಿಕೊಂಡದ್ದು ೧೯೯೫ರಲ್ಲಿ. ೨೦೧೧ರಲ್ಲಿ ಭೂಮಂಡಲದಿಂದಲೇ ಅಳಿಯಿತೆಂದು ಸಾರಿದರು. ಸಿಡುಬನ್ನು ಬಿಟ್ಟರೆ ಮನುಷ್ಯರು ಹೀಗೆ ಸಂಪೂರ್ಣವಾಗಿ ನಿರ್ಮೂಲ ಮಾಡಿದ ರೋಗವು ಇದೊಂದೇ. ೨೦೨೨ರಲ್ಲಿ ಚರ್ಮಗಂಟು ರೋಗ ಬಂದಾಗ ಆಡಿನ ಸಿಡುಬಿನ ಲಸಿಕೆಯನ್ನು ಹಾಕಿಸಿದರು. ಬೇವಿನ ಸೊಪ್ಪು, ಅರಿಸಿನ, ಮೆಣಸುಗಳನ್ನು ಕೊಟ್ಟವರೂ ಇದ್ದರು. ಗಾಯಕ್ಕೆ ನೊಣ ಕೂರದಂತೆ ಅವು ಉಪಕಾರಮಾಡಿದುವು, ರೋಗವನ್ನು ತಡೆಯುವ ಕೆಲಸ ಲಸಿಕೆಯದು.

ಸಿಹಿಗುಳಿಗೆಯನ್ನು ಕೊಡಲೇಬೇಕೆಂದು ಮನಸ್ಸಿದ್ದವರು ಸಣ್ಣಪುಟ್ಟ ನವೆಗೆ ಕೊಟ್ಟುಕೊಳ್ಳಲಿ, ನಾನು ಜಗಳವಾಡುವುದಿಲ್ಲ. ಆದರೆ ಪ್ರಾಣಿಯು ಒಂದು ದಿನಕ್ಕೆ ಮೀರಿ ಅನ್ನ ಬಿಟ್ಟರೆ, ನೀರು ನುಂಗಲಾರದಿದ್ದರೆ, ಜೊಲ್ಲು ಸುರಿಸಿದರೆ, ಸ್ವರ ಬದಲಾದರೆ, ಮೂತ್ರ ಕಟ್ಟಿದರೆ, ಉಸಿರಿಗೆ ಕಷ್ಟಪಟ್ಟರೆ, ಗುಳಿಗೆಯಿಂದ ಗುಣವಾದೀತೆಂ­ದು ಕಾಯುವ ಪ್ರತಿಯೊಂದು ಗಂಟೆಯೂ ನಷ್ಟ. ಅಂಥ ಪ್ರಾಣಿಯ ಬಾಯಿಗೆ ಕೈಹಾಕಬಾರದು. ಮಕ್ಕಳನ್ನು ದೂರವಿಟ್ಟು, ಅದನ್ನು ಒಂದು ಕೋಣೆಯಲ್ಲಿ ಕೂಡಿ, ಪಶುವೈದ್ಯರನ್ನು ಕರೆಯಿಸಬೇಕು. ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾಲಯದ ನೆರವನ್ನು ಕೇಳಬಹುದು. ನಾಯಿಯೋ ಬೆಕ್ಕೋ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಕಾಫಿಪುಡಿಗಳನ್ನು ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯ ನಾಯಿಯೇ ಆದರೂ ಹೋಗಬೇಕು. ಚುಚ್ಚುಮದ್ದನ್ನು ಆರಂಭಿಸಿ, ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಂಡಿರಬೇಕು.

ನಾಯಿಮರಿಗೂ ಬೆಕ್ಕಿನ ಮರಿಗೂ ಮೂರು ತಿಂಗಳು ತುಂಬಿದೊಡನೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಪ್ರಕಾರ ವರುಷ ವರುಷವೂ ಹಾಕಿಸುತ್ತಿರಬೇಕು. ಪಾಶ್ಚರನು ತೀರಿಕೊಂಡ ಸೆಪ್ಟೆಂಬರ್ ೨೮ನೆಯ ತಾರೀಖನ್ನು ಈ ರೋಗದ ದಿನವೆಂದು ಲೋಕವೆಲ್ಲಾ ಆಚರಿಸುತ್ತದೆ. ಮೋತಿ ಸತ್ತ ಮರುವರುಷದಿಂದ ಆ ದಿನ ನಮ್ಮ ಶಾಲೆಯ ಅಂಗಳದಲ್ಲಿಯೂ ಪಶುವೈದ್ಯರು ಬಂದು ಲಸಿಕೆ ಹಾಕುತ್ತಾರೆ. ಹಳೆಯ ವಿದ್ಯಾರ್ಥಿನಿಯರು ತಮ್ಮ ನಾಯಿ ಬೆಕ್ಕುಗಳನ್ನು ತರಬಹುದು; ಬೆಳಿಗ್ಗೆ ಎಂಟು ಗಂಟೆಗೇ ಬಂದರೆ ಬಿಸಿಲಿಗೆ ಮುಂಚೆ ಮುಗಿಯುತ್ತದೆ. ನಾಯಿಗೆ ಗಟ್ಟಿಯಾದ ಹಗ್ಗವಿರಲಿ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ತರಬೇಡಿರಿ. ಮುಚ್ಚಳವಿರುವ ಬುಟ್ಟಿಯಲ್ಲಿ ಅದು ಮಲಗುವ ಹಳೆಯ ಬಟ್ಟೆಯೊಂದನ್ನು ಹಾಸಿ ತನ್ನಿರಿ, ದಾರಿಯಲ್ಲಿ ಅಷ್ಟಾಗಿ ಕೂಗುವುದಿಲ್ಲ.